ಜವರಪ್ಪನ ಬಾವಿಯೊಳಗಿರೋದು

ಜವರಪ್ಪ: ಎಲ್ಲಾ ನಿಮ್ ಕತೆಯಿಂದ ಆಗಿದ್ದು ಸಾಮಿ! ಎಲ್ರೂ ಓದ್ರು!

ವ್ಯಾಸರಾಜ: ಎಲ್ಲರೂ? ನಿಜವಾಗ್ಲೂ ಎಲ್ಲರೂ ಓದಿದ್ರಾ?

ಜವರಪ್ಪ: ಒಬ್ರೂ ಉಳೀಲಿಲ್ಲ. ನಂಗವಳ್ಳಿ ಅಣ್ಣಯ್ಯಪ್ಪ ಓದ, ಅವನೆಂಡ್ರು ಓದ್ಲು, ಕಡೀಕೆ ಕೋಲೂರ್ಕಂಡು ಅವನ ತಾಯಿ ಮುತ್ತಮ್ಮನೂ ಓದ್ಲು.

ವ್ಯಾಸರಾಜ: ಕೋಲೂರ್ಕೊಂಡು ಓಡಾಡೋ ಮುದುಕಿ! ಆಕೆಗೆ ಕಣ್ಣು ಕಾಣಿಸುತ್ತಾ?

ಜವರಪ್ಪ: ಕಣ್ಣು ಮಸುಕು. ಆದ್ರೂ ಎಲ್ರಿಗಿಂತ ಬಿರ್ನೆ ಓದೋಳು ಅವಳೇ.

ವ್ಯಾಸರಾಜ: ರಮಾ! ಏ ರಮಾ! ಇಲ್ಲಿ ಬಾ, ಕೇಳು. ಕಣ್ಣು ಮಸುಕಾದ ಅಜ್ಜಿ ಎಲ್ಲರಿಗಿಂತ ಬೇಗ ಓದಿದಳಂತೆ!

ಸೇಲಂ ಕೋಟೆಯ ಒಂದು ಸಣ್ಣ ಬೀದಿಯಲ್ಲಿ, ಭಾನುವಾರದ ಬೆಳಿಗ್ಗೆ ನಡೆದ ಮಾತುಕತೆ ಇದು. ವ್ಯಾಸರಾಜ ಸರ್ವೆ ಆಫೀಸಿನಲ್ಲಿ ಗುಮಾಸ್ತ. ಆಫೀಸು ಬಿಟ್ಟ ಮೇಲೆ ಭಯಾನಕ ಕತೆಗಳ ಲೇಖಕ. ‘ಮಾತು ಕುಡಿಯುವ ಬಾವಿ’ ಎಂಬ ಪುಸ್ತಕವನ್ನು ತಾನೇ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿ ತಂದು, ಎಪ್ಪತ್ತೊಂದನೆಯ ಇಸವಿಯಿಂದ ಮಂಚದ ಕೆಳಗೆ ಇಟ್ಟುಕೊಂಡಿದ್ದ. ಸೇಲಂನ ಕನ್ನಡದವರು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಓದುವುದಿದ್ದರೆ ತಮಿಳು ಓದುತ್ತಿದ್ದರು. ಮಠದಲ್ಲಿ ಒಂದು ಪ್ರತಿ ಕೊಡಲು ಹೋದರೆ, ದೇವರನಾಮ ಇದ್ದರೆ ಕೊಡಿ ಅಂದಿದ್ದರು. ಹೀಗಿರುವಾಗ ತೊಪ್ಪೂರಿನಿಂದ ಕುರಿ ಸಾಕುವ ಜವರಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತು ಹೀಗೆ ಹೇಳಿದರೆ ಯಾವ ಲೇಖಕನ ಕಾಲು ನೆಲದ ಮೇಲೆ ನಿಲ್ಲುತ್ತದೆ?

ರಮಾಮಣಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

ವ್ಯಾಸರಾಜ: ಹೇಳು ಜವರಪ್ಪ, ಎಲ್ಲಿ ಕೂತು ಓದಿದ್ರು?

ಜವರಪ್ಪ: ಕೂತ್ಕಂಡಾ? ಕೂತಿದ್ದೋರೇ ಎದ್ದು ಓದ್ರು ಸಾಮಿ. ಎಲೆ ಆಕಿ ಮುದ್ದೆ ಇಕ್ಕಿದ್ದೊ. ಕೈ ಇಕ್ಕೋ ಒತ್ತಿಗೆ ನಿಮ್ ಕತೆ ಮಾತು ಬಂತು. ಅಷ್ಟೇ, ಎಲೆ ಬಿಟ್ಟು ಓದ್ರು.

ವ್ಯಾಸರಾಜ: ಊಟ ಬಿಟ್ಟು! ನಿಂತುಕೊಂಡೇ ಓದಿದ್ರು!

ಜವರಪ್ಪ: ನಿಂತ್ಕಂಡ್ ಎಂಗ್ ಓಗಕಾಯ್ತದೆ ಸಾಮಿ? ನಡ್ಕಂಡ್ ಓದ್ರು. ಬಿಸಿಲಲ್ಲಿ ಮೇನ್ ರೋಡ್ ತಕ ನಡ್ಕಂಡ್ ಓಗಿ ಬಸ್ ಅತ್ತುದ್ರು.

ರಮಾಮಣಿ: ಏನೂಂದ್ರೆ, ಅವರು ನಿಮ್ಮ ಪುಸ್ತಕ ಓದ್ಲಿಲ್ಲ. ಹೋದರು. ಎದ್ದು ಹೋದರು.

ವ್ಯಾಸರಾಜ: ಹೋದರು?

ಜವರಪ್ಪ: ಅದ್ನೇ ಅಲ್ವಾ ಸಾಮಿ ಆಗ್ಲಿಂದ ಏಳ್ತಿರೋದು? ನನ್ ಮಗಳಿಗೆ ವೀಳ್ಯ ಇಡಕ್ಕೆ ಬಂದೋರು, ತಟ್ಟೆ ಮುಟ್ದೆ ಎದ್ದು ಓದ್ರು!

ವ್ಯಾಸರಾಜ ಕುರ್ಚಿಯಲ್ಲಿ ಕುಸಿದ. ಇಷ್ಟು ಹೊತ್ತು ಓದುಗರಿಂದ ತುಂಬಿದ್ದ ತೊಪ್ಪೂರು ಒಂದೇ ಮಾತಿಗೆ ಖಾಲಿಯಾಯಿತು.

ರಮಾಮಣಿ: ಕೂತ್ಕೊಳ್ಳಪ್ಪ. ಇವರ ಕತೆಗೂ ನಿನ್ನ ಮಗಳ ಮದುವೆಗೂ ಏನು ಸಂಬಂಧ?

ಜವರಪ್ಪ: ಸುಮಾರು ವರ್ಸದ ಇಂದೆ ಈ ಸಾಮಿ ಚೈನು ಇಡ್ಕಂಡು ನಮ್ಮೊಲ ಅಳೆಯಕ್ಕೆ ಬಂದಿದ್ರಮ್ಮಾ. ಎರಡು ಉಣಸೆಮರ, ಮದ್ಯದಾಗೆ ನಮ್ ಬಾವಿ. ಎಳನೀರು ಕಿತ್ಕೊಟ್ಟೆ, ಕುಡುದ್ರು. ಓದ ತಿಂಗ್ಳು ನಂಗವಳ್ಳೀಲಿ ಟೀ ಅಂಗ್ಡಿ ಮುಂದೆ ಪುಸ್ತಕ ಮಾರಕ್ಕೆ ನಿಂತು, ತೊಪ್ಪೂರಲ್ಲಿ ಕುರಿ ಜವರಪ್ಪನ ಒಲ ಐತೆ, ಎರಡು ಉಣಸೆಮರ ಐತೆ, ಮದ್ಯದ ಬಾವೀಲಿ ಪೇಯಿ ಐತೆ, ಆ ನೀರು ಕುಡ್ದೋರ ಮಾತು ನಿಂತೋಯ್ತದೆ ಅಂತ ಸಾರವ್ರೆ!

ರಮಾಮಣಿ: ಅವನ ಹೆಸರನ್ನೇ ಹಾಕಿದೀರಾ?

ವ್ಯಾಸರಾಜ: ಅದು ವಾಸ್ತವಿಕತೆ ರಮಾ. ನಿಜವಾದ ಊರು, ನಿಜವಾದ ಮನುಷ್ಯ ಇದ್ದರೆ ಭಯ ಗಟ್ಟಿಯಾಗುತ್ತೆ.

ಜವರಪ್ಪ: ಅದೇನಮ್ಮಾ ಆ ದೊಡ್ಡ ಮಾತು?

ರಮಾಮಣಿ: ಬೇರೆ ಹೆಸರು ಯೋಚಿಸೋಕೆ ಸೋಮಾರಿತನ ಅಂತ.

ವ್ಯಾಸರಾಜ: ಮತ್ತೆ, ಅದು ಪೇಯಿ ಅಲ್ಲ. ದೆವ್ವ ಅಂತಲೂ ನಾನು ಎಲ್ಲೂ ಬರೆದಿಲ್ಲ. ಅದಕ್ಕೆ ಆಕಾರ ಇಲ್ಲ, ಹೆಸರಿಲ್ಲ. ಏನೋ ಒಂದು ಇದೆ, ಅಷ್ಟೇ.

ಜವರಪ್ಪ: ಅದು ಇನ್ನೂ ಕಷ್ಟ ಅಲ್ವಾ ಸಾಮಿ! ಎಸ್ರಿದ್ರೆ ಒಂದು ಕೋಳಿ ಕೊಟ್ಟು ಕಳಿಸ್ಬೋದು. ಎಸ್ರಿಲ್ದೆ ಇರೋದನ್ನ ಏನಂತ ಕರ್ದು ಕಳಿಸ್ಲಿ?

ವ್ಯಾಸರಾಜನಿಗೆ ಒಂದು ಕ್ಷಣ ಆ ಮಾತನ್ನು ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ಹೆಂಡತಿಯ ಮುಖ ನೋಡಿ, ಪೆನ್ಸಿಲಿಗೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಆದರೂ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ.

ವ್ಯಾಸರಾಜ: ಜವರಪ್ಪ, ಹಾಗೇ ಕೇಳ್ತೀನಿ... ತುಂಬಾ ಹೆದರಿದ್ರಾ ಅವರು?

ಜವರಪ್ಪ: ಅಣ್ಣಯ್ಯಪ್ಪನ ಕೈ ನಡುಗ್ತಿತ್ತು ಸಾಮಿ.

ವ್ಯಾಸರಾಜ: (ಮೆಲ್ಲಗೆ) ನಡುಗ್ತಿತ್ತಂತೆ ರಮಾ.

ರಮಾಮಣಿ: ಹುಡುಗಿ ಮದುವೆ ಮುರಿದು ಕೂತಿದೆ, ನಿಮಗೆ ಕೈ ನಡುಗಿದ ಲೆಕ್ಕ. ಅಂಗಿ ಹಾಕ್ಕೊಳ್ಳಿ. ಇವತ್ತೇ ನಂಗವಳ್ಳಿಗೆ ಹೋಗಿ ಕತೆ ಸುಳ್ಳು ಅಂತ ಹೇಳಿ ಬರೋಣ.

ವ್ಯಾಸರಾಜ: ಸುಳ್ಳು ಅಂತ? ನಾನೇ? ನನ್ನ ಬಾಯಲ್ಲಿ? ರಮಾ, ಇಷ್ಟು ವರ್ಷಕ್ಕೆ ಮೊದಲನೇ ಸಲ ಒಂದು ಸಂಸಾರ ನನ್ನ ಕತೆಗೆ ಹೆದರಿದೆ. ಅವರ ಎದುರು ನಿಂತು...

ರಮಾಮಣಿ: ಹೆದರಿದ್ದು ಸಾಕು. ಹುಡುಗಿ ಎಲ್ಲಪ್ಪ?

ಜವರಪ್ಪ: ಆಚೆ ಜಗಲಿ ಮೇಲೆ ಕುಂತವ್ಳೆ. ಬ್ಯಾಡ ಅಂದ್ರೂ ಬಸ್ ಅತ್ಕಂಡ್ ಬಂದವ್ಳೆ.

ಇಷ್ಟರಲ್ಲಿ ಜಗಲಿಯ ಮೇಲಿದ್ದ ರಾಮಕ್ಕನೇ ಒಳಗೆ ಬಂದು ನಿಂತಳು. ಸೆರಗು ಸೊಂಟಕ್ಕೆ ಬಿಗಿದಿತ್ತು.

ರಾಮಕ್ಕ: ಬಾವಿ ಬರ್ದಿರೋ ಸಾಮಿ ನೀವೇನಾ? ನಿಮ್ಗೆ ಬರಿಯಕ್ಕೆ ಬೇರೆ...

ಜವರಪ್ಪ: ಸುಮ್ಕಿರವ್ವ! ಮದುವೆ ಆಗೋ ಎಣ್ಣು. ಇಲ್ಲಿಂದ ನಂಗವಳ್ಳಿ ಮುಟ್ಟಿ ವಾಪಸ್ ಬರೋಗಂಟ ನಿನ್ ಬಾಯಿಂದ ಒಂದು ಮಾತು ಬರಕೂಡ್ದು. ಗಂಡಿನ ಮನೆಯೋರು ಏನಂದ್ಕಂಡಾರು? ನನ್ ಮೇಲಾಣೆ.

ರಾಮಕ್ಕ ಬಾಯಿ ಮುಚ್ಚಿದಳು. ಮುಚ್ಚುವುದು ಅವಳಿಗೆ ಎಷ್ಟು ಕಷ್ಟವಾಯಿತೆಂಬುದು ಕೆನ್ನೆ ನೋಡಿದರೆ ತಿಳಿಯುತ್ತಿತ್ತು.

ತಾರಮಂಗಲದ ಮೇಲೆ ಹೋಗುವ ಬಸ್ಸು ಹಿಡಿದು ನಾಲ್ವರೂ ನಂಗವಳ್ಳಿಗೆ ಬಂದಾಗ ಅಣ್ಣಯ್ಯಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಮುತ್ತಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದಳು. ಬಾಗಿಲ ಮರೆಯಲ್ಲಿ ಮದುವೆ ಗಂಡು ಶಿವಲಿಂಗಂ ನಿಂತಿದ್ದ. ವ್ಯಾಸರಾಜನನ್ನು ಕಂಡದ್ದೇ ಅಣ್ಣಯ್ಯಪ್ಪ ಹಗ್ಗ ಬಿಟ್ಟು ಎದ್ದ.

ಅಣ್ಣಯ್ಯಪ್ಪ: ಏನ್ ಬಾವ, ಈ ಸಾಮೀನ ಮನೇಗಂಟ ಕರ್ಕಂಡ್ ಬಂದ್ಬುಟ್ಟೆ?

ಜವರಪ್ಪ: ಅವ್ರ ಬಾಯಿಂದ್ಲೇ ಕೇಳು ಬಾವ. ಕತೆ ಪೂರಾ ಪೊಯ್ಯಂತೆ.

ವ್ಯಾಸರಾಜ: (ಕೆಮ್ಮಿ) ಹೌದು. ಅದು ಸುಳ್ಳು.

ಅಣ್ಣಯ್ಯಪ್ಪ: ಅವತ್ತು ಟೀ ಅಂಗ್ಡಿ ಮುಂದೆ ‘ಉಣ್ಮೈ ಕದೈ, ನಿಜವಾದ ಕತೆ, ಕಣ್ಣಾರೆ ಕಂಡ ಕತೆ’ ಅಂತ ಕೂಗ್ದೋರು ನೀವೇ ತಾನೆ?

ವ್ಯಾಸರಾಜ: ನಾನೇ. ಜನ ಸೇರಲಿ ಅಂತ ಕೂಗಿದೆ.

ಅಣ್ಣಯ್ಯಪ್ಪ: ಇವತ್ತು ಪೊಯ್ ಅಂತೀರಿ. ಯಾವತ್ತು ಸುಳ್ಳು ಏಳಿದ್ದು, ಅವತ್ತಾ ಇವತ್ತಾ?

ವ್ಯಾಸರಾಜ: ಅವತ್ತು.

ಅಣ್ಣಯ್ಯಪ್ಪ: ಅಂಗಾದ್ರೆ ನೀವು ಸುಳ್ಳು ಏಳೋರು. ಸುಳ್ಳು ಏಳೋರ ಮಾತು ಇವತ್ ಯಾಕ್ ನಂಬ್ಲಿ?

ಕಷ್ಟಪಟ್ಟು ಒಪ್ಪಿಕೊಂಡ ಸುಳ್ಳನ್ನೂ ಕೊಳ್ಳುವವರಿಲ್ಲ ಎಂದರೆ ಏನು ಮಾಡುವುದು? ವ್ಯಾಸರಾಜ ಹೆಂಡತಿಯ ಕಡೆ ನೋಡಿದ.

ರಮಾಮಣಿ: ನೋಡಪ್ಪ, ಇವರನ್ನ ನಾನು ಬಲ್ಲೆ. ಈ ಕತೆ ಬರೆಯೋವಾಗ ನಾನು ಒಲೆ ಮುಂದೆ ಹಪ್ಪಳ ಕರೀತಿದ್ದೆ, ಇವರು ಪಕ್ಕದಲ್ಲೇ ಮಣೆ ಹಾಕ್ಕೊಂಡು ಕೂತಿದ್ರು. ಒಬ್ಬರೇ ಕೂತು ಬರೆಯೋಕೂ ಹೆದರಿಕೆ. ಇವರು ಬಾವಿಯೊಳಗೆ ಏನು ಕಂಡಿರ್ತಾರೆ?

ಮುತ್ತಮ್ಮ: ಎದ್ರಿಕೆ ಯಾವಾಗ್ನಿಂದ ತಾಯಿ?

ರಮಾಮಣಿ: ಮೊದಲಿಂದಲೂ ಇತ್ತು. ತೊಪ್ಪೂರಿಗೆ ಸರ್ವೆಗೆ ಹೋಗಿ ಬಂದ ಮೇಲೆ ಸ್ವಲ್ಪ ಜಾಸ್ತಿ...

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮುತ್ತಮ್ಮ ಕುಟ್ಟುವುದನ್ನು ನಿಲ್ಲಿಸಿದಳು.

ಮುತ್ತಮ್ಮ: ಕೇಳುದ್ಯೇನ್ಲಾ ಅಣ್ಣಯ್ಯಾ! ತೊಪ್ಪೂರಿಗೆ ಓಗ್ ಬಂದ್ಮೇಲಂತೆ!

ವ್ಯಾಸರಾಜ: ಅಯ್ಯೋ, ಅದು ಕಪ್ಪೆ! ಬಾವಿ ಎಷ್ಟು ಆಳ ಇದೆ ಅಂತ ಬಗ್ಗಿದೆ. ಒಳಗಿಂದ ಒಂದು ಕಪ್ಪೆ ಒಟರ್ ಅಂತು. ಓಡಿ ಬಂದೆ. ನಡೆದದ್ದು ಅಷ್ಟೇ!

ಮುತ್ತಮ್ಮ: ಕಪ್ಪೇನ ಕಂಡ್ರಾ?

ವ್ಯಾಸರಾಜ: ಕಾಣಲಿಲ್ಲ. ದನಿ ಮಾತ್ರ ಕೇಳಿಸ್ತು.

ಮುತ್ತಮ್ಮ: ಕಾಣ್ಲಿಲ್ಲ! ಕಪ್ಪೆ ದನೀಲಿ ಕೂಗೈತೆ ಅಷ್ಟೇ. ಒಳಗಿರೋದು ಏನೋ, ಯಾರು ಕಂಡ್ರು?

ತನ್ನ ಕತೆಗೆ ಇಷ್ಟು ಒಳ್ಳೆಯ ವಕೀಲೆ ಸಿಗುತ್ತಾಳೆಂದು ವ್ಯಾಸರಾಜ ಕನಸಿನಲ್ಲೂ ಎಣಿಸಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಮುದುಕಿಯ ಕಾಲಿಗೆ ಬೀಳುತ್ತಿದ್ದ.

ಜವರಪ್ಪ: ಏನತ್ತೆ ಇಂಗಂತೀಯಾ? ನಾನು ಆ ನೀರೇ ಕುಡ್ದು ಬೆಳ್ದಿರೋನು. ನಾನ್ ಮಾತಾಡ್ತಿಲ್ವಾ?

ಮುತ್ತಮ್ಮ: ನೀನ್ ಗಂಡ್ಸು. ಕತೇಲಿ ಮಾತು ಓಗಿದ್ದು ಎಣ್ಣೆಂಗ್ಸಿಗೆ. ಮೊದ್ಲು ಅವಳ ಎಸ್ರು ಮರ್ತೋಯ್ತು, ಆಮೇಲೆ ತಾಯಿ ಎಸ್ರು ಮರ್ತೋಯ್ತು, ದಿನಾ ಒಂದೊಂದ್ ಮಾತು ಬಾವಿ ಕುಡ್ಕಂತು. ಅಂಗೇ ತಾನೆ ಸಾಮಿ?

ವ್ಯಾಸರಾಜ: (ಸಂತೋಷ ತಡೆಯಲಾರದೆ) ಒಂದು ಅಕ್ಷರ ಬಿಟ್ಟಿಲ್ಲ ಅಜ್ಜಿ!

ರಮಾಮಣಿ: ಏನೂಂದ್ರೆ!

ವ್ಯಾಸರಾಜ: ಅಂದ್ರೆ, ಸುಳ್ಳು. ಪೂರ್ತಿ ಸುಳ್ಳು.

ಅಣ್ಣಯ್ಯಪ್ಪ ಆಗಿನಿಂದ ಒಂದು ಕಡೆಯೇ ನೋಡುತ್ತಿದ್ದ. ಅಂಗಳದ ಬೇವಿನ ಮರದ ಬುಡದಲ್ಲಿ ರಾಮಕ್ಕ ತುಟಿ ಒತ್ತಿಕೊಂಡು, ತಲೆ ತಗ್ಗಿಸಿ ಕೂತಿದ್ದಳು.

ಅಣ್ಣಯ್ಯಪ್ಪ: ಅವ್ವಾ, ಆ ಉಡ್ಗೀನ ನೋಡು. ಬಂದಾಗ್ಲಿಂದ ಒಂದ್ ಮಾತಾಡ್ಲಿಲ್ಲ.

ಮುತ್ತಮ್ಮ: ಔದಲ್ಲೋ! ಏ ಉಡ್ಗಿ, ನಿನ್ ಎಸ್ರೇನು?

ರಾಮಕ್ಕ ಅಪ್ಪನ ಕಡೆ ನೋಡಿದಳು. ಅಪ್ಪ ಸುಮ್ಮನಿರು ಎಂದು ಕಣ್ಣು ಮಿಟುಕಿಸಿದ. ಅವಳು ಸುಮ್ಮನಿದ್ದಳು.

ಮುತ್ತಮ್ಮ: ಎಸ್ರು ಓಗ್ಬುಟ್ಟೈತೆ! ನಿನ್ ತಾಯಿ ಎಸ್ರಾದ್ರೂ ಏಳವ್ವ.

ರಾಮಕ್ಕ ಮತ್ತೆ ಅಪ್ಪನ ಕಡೆ ನೋಡಿದಳು.

ಅಣ್ಣಯ್ಯಪ್ಪ: ತಾಯಿ ಎಸ್ರೂ ಓಯ್ತು! ಕತೇಲಿ ಇದ್ದಂಗೇ ಐತೆ, ಇದ್ದಂಗೇ! ಬಾವ, ಕೈ ಮುಗೀತೀನಿ, ಕರ್ಕಂಡ್ ಓಗ್ಬುಡು.

ರಮಾಮಣಿ: ಅಲ್ಲಪ್ಪ, ಅವಳ ಅಪ್ಪ ಮಾತಾಡಬೇಡ ಅಂತ ಆಣೆ ಇಟ್ಟು ಕರ್ಕೊಂಡು ಬಂದಿದಾನೆ!

ಅಣ್ಣಯ್ಯಪ್ಪ: ಎಣ್ಣೆಂಗ್ಸು ಸುಮ್ಕಿರು ಅಂದ್ರೆ ಸುಮ್ಕಿರ್ತಾಳಾ? ಎಲ್ಲಿ ಕಂಡಿದೀರಾ ತಾಯಿ? ಏನೋ ತೊಂದ್ರೆ ಇದ್ರೆ ಮಾತ್ರ ಅಂಗಿರ್ತಾಳೆ.

ಜವರಪ್ಪನ ಬೆವರು ಕಂಬಳಿಗೆ ಇಳಿಯುತ್ತಿತ್ತು.

ಜವರಪ್ಪ: ಮಾತಾಡ್ ಮಗಾ! ನನ್ ಮ್ಯಾಲಿನ ಆಣೆ ವಾಪಸ್ ತಕ್ಕಂಡೆ. ಏನಾದ್ರೂ ಮಾತಾಡು!

ರಾಮಕ್ಕ: ಏನಾದ್ರೂ ಮಾತಾಡ್ಲಾ?

ಜವರಪ್ಪ: ಏನಾದ್ರೂ.

ರಾಮಕ್ಕ ಎದ್ದು ನಿಂತು ಸೆರಗು ಬಿಗಿದಳು.

ರಾಮಕ್ಕ: ನನ್ನೆಸ್ರು ರಾಮಕ್ಕ. ನಮ್ಮವ್ವನೆಸ್ರು ಕಾಳಿಯಮ್ಮ. ಅವತ್ತು ನೀವು ಬರ್ತೀರ ಅಂತ ಕೋಳಿ ಕೂಗೋಕ್ ಮುಂಚೆ ಎದ್ದು ರಾಗಿ ಬೀಸ್ದೋಳು ನಾನು, ಆ ಬಾವಿಯಿಂದ ನೀರು ಸೇದ್ದೋಳು ನಾನು, ಒಗೆ ಕಣ್ಣಿಗೆ ತುಂಬ್ಕಂಡು ಮುದ್ದೆ ತಿರುವ್ದೋಳು ನಾನು. ಇಕ್ಕಿರೋ ಅನ್ನ ಬಿಟ್ಟು ಎದ್ದೋದ್ರಲ್ಲ ಮಾವ, ಪೇಯಿ ಅಂತೆ ಪೇಯಿ! ಅದು ಇದ್ರೂ ನಮ್ಮನೇಲಿ ಉಂಡ್ಕಂಡ್ ಓಗ್ತಿತ್ತು, ಅದ್ಕೂ ಮರ್ವಾದೆ ಇರ್ತದೆ. ಅಜ್ಜೀ, ಓಗೋವಾಗ ಮುದ್ದೆ ಕದ್ದು ಮಡ್ಲಿಗೆ ಆಕ್ಕಂಡ್ರಲ್ಲ, ಅದ್ರಲ್ಲಿ ಬಾವಿ ನೀರು ಇರ್ಲಿಲ್ವಾ? ತಿಂದ್ರಲ್ಲ, ನಿಮ್ ಮಾತು ನಿಂತಿದ್ಯಾ? ಬಾಗ್ಲಿಂದೆ ನಿಂತಿರೋರೇ, ನೀವೂ ಕೇಳಿ. ಎಲ್ರೂ ಎದ್ದಾಗ ನೀವು ಎಲೆ ಮುಂದೆ ಕುಂತೇ ಇದ್ರಿ, ನಂಗ್ ಕುಸಿ ಆಯ್ತು. ನಿಮ್ಮಪ್ಪ ರಟ್ಟೆ ಇಡ್ದು ಎಬ್ಬಿಸ್ದಾಗ ಬ್ಯಾಡ ಅಂತ ಒಂದ್ ಮಾತು ಆಡ್ಬಾರ್ದಾ? ಮಾತು ಓಗಿರೋದು ನನಗಾ ನಿಮಗಾ? ಇನ್ನು ಈ ಸಾಮಿ! ಎಳನೀರು ಕೊಟ್ಟೋರ ಬಾವಿ ಮ್ಯಾಲೇ ಬರೀತಾರೆ. ಕಪ್ಪೆಗೆ ಎದ್ರಿ ಓಡೋವಾಗ ಬಿಟ್ಟೋದ ಚಪ್ಲಿ ಇನ್ನೂ ನಮ್ ಕೊಟ್ಟಿಗೇಲಿ ಐತೆ, ಬಂದು ತಕ್ಕಂಡ್ ಓಗಿ. ಮತ್ತೆ ಅಪ್ಪಾ, ನೀನು...

ಜವರಪ್ಪ: ಸಾಕು ಮಗಾ, ಸಾಕು!

ಬಾಗಿಲ ಮರೆಯಲ್ಲಿ ಶಿವಲಿಂಗಂನ ಕಿವಿ ಕೆಂಪಾಗಿತ್ತು. ಅಣ್ಣಯ್ಯಪ್ಪ ಹಗ್ಗದ ತುದಿ ಹಿಡಿದು ಏನೋ ಲೆಕ್ಕ ಹಾಕುವವನಂತೆ ನಿಂತಿದ್ದ. ಮುತ್ತಮ್ಮ ಮೊದಲು ನಕ್ಕಳು. ನಗುತ್ತ ನಗುತ್ತ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು.

ಮುತ್ತಮ್ಮ: ಕತೆ ಸುಳ್ಳು ಕಣ್ಲಾ. ಆ ಬಾವಿ ಮಾತು ಕುಡಿಯೋದಲ್ಲ, ಮಾತು ಕೊಡೋದು! ತಟ್ಟೆ ತಕ್ಕಂಬಾ, ವೀಳ್ಯ ಇಡಾನ.

ಅಣ್ಣಯ್ಯಪ್ಪ: ಯೋಚ್ನೆ ಮಾಡವ್ವಾ. ಕತೆ ನಿಜ ಆಗಿದ್ರೇ ಮನೆಗೆ ಒಳ್ಳೇದಿತ್ತೇನೋ.

ಮುತ್ತಮ್ಮ: ತತ್ತಾರ್ಲಾ!

ತಟ್ಟೆ ಬಂತು. ಎಲೆ ಅಡಿಕೆ, ಬೆಲ್ಲ, ಬಾಳೆಹಣ್ಣು. ಜವರಪ್ಪ ಕಂಬಳಿಯಿಂದ ಮುಖ ಒರೆಸಿಕೊಂಡ. ರಮಾಮಣಿ ರಾಮಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ತನ್ನ ಮುಡಿಯ ಹೂವು ಬಿಚ್ಚಿ ಮುಡಿಸಿದಳು. ಎಲ್ಲರೂ ನಗುತ್ತಿರುವಾಗ ವ್ಯಾಸರಾಜ ಜಗಲಿಯ ತುದಿಯಲ್ಲಿ ಒಬ್ಬನೇ ಕೂತಿದ್ದ. ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಮನಸ್ಸಿಗೆ ಎಷ್ಟು ಹೇಳಿದರೂ ಅದು ಒಪ್ಪಲಿಲ್ಲ. ಬೆಳಿಗ್ಗೆ ಈ ಮನೆಯಲ್ಲಿ ಅವನ ಕತೆಗೆ ಹೆದರುವವರಿದ್ದರು. ಈಗ ಒಬ್ಬರೂ ಇಲ್ಲ.

ಮುತ್ತಮ್ಮ: ಸಾಮಿ, ಯಾಕ್ ಸಪ್ಪಗ್ ಕುಂತಿದೀರಿ? ಅದ್ಸರಿ, ಅವತ್ತು ಕತೆ ಅರ್ದಕ್ಕೇ ನಿಲ್ಲುಸ್ಬುಟ್ರಲ್ಲ. ಆ ಎಣ್ಣು ಬಾವಿಗೆ ಬಗ್ಗಿ ಅವಳೆಸ್ರ ಅವಳೇ ಕೂಗಕ್ಕೆ ಬಾಯಿ ತೆಗುದ್ಲು, ಅಲ್ಲಿಗೆ ಬುಟ್ರಿ.

ವ್ಯಾಸರಾಜ: ಮುಂದಕ್ಕೆ ಪುಸ್ತಕ ತಗೊಂಡು ಓದಲಿ ಅಂತ ನಿಲ್ಲಿಸಿದೆ ಅಜ್ಜಿ.

ಮುತ್ತಮ್ಮ: ಕನ್ನಡ ಅಕ್ಷರ ಯಾರಿಗ್ ಬರ್ತದೆ ಸಾಮಿ ಇಲ್ಲಿ? ಅವತ್ನಿಂದ ನಂಗೆ ಅದೇ ಯೋಚ್ನೆ. ಈಗ ಸುಳ್ಳು ಅಂತ ಗೊತ್ತಾಯ್ತಲ್ಲ, ದೈರ್ಯವಾಗಿ ಕೇಳ್ತೀನಿ. ಮುಂದೇನಾಯ್ತು?

ವ್ಯಾಸರಾಜನ ಬೆನ್ನು ನೆಟ್ಟಗಾಯಿತು. ಜಗಲಿಯಿಂದ ಎದ್ದು ಅಂಗಳದ ನಡುವೆ ಬಂದ. ದನಿ ತಗ್ಗಿಸಿದ.

ವ್ಯಾಸರಾಜ: ಅವಳು ಕೂಗಿದಳು. ಬಾವಿ ಸುಮ್ಮನಿತ್ತು. ಗಾಳಿ ನಿಂತಿತು. ಆಮೇಲೆ ಆ ಆಳದಿಂದ ಬಂದದ್ದು ಏನು ಎಂಬುದು... ಇವತ್ತಿಗೂ ಯಾರಿಗೂ ತಿಳಿಯದು.

ಮುತ್ತಮ್ಮ: ಊಂ, ಆಮೇಲೆ?

ವ್ಯಾಸರಾಜ: ಅಷ್ಟೇ ಅಜ್ಜಿ. ಮುಗೀತು.

ಮುತ್ತಮ್ಮ: ಮುಗೀತಾ? ಬಂದಿದ್ದು ಏನು?

ವ್ಯಾಸರಾಜ: ಗೊತ್ತಿಲ್ಲ.

ಮುತ್ತಮ್ಮ: ನಿಮಗೂ?

ವ್ಯಾಸರಾಜ: ನನಗೂ. ಗೊತ್ತಿಲ್ಲದೆ ಇರೋದೇ ಭಯ. ಅದೇ ಇದರ ಕಲೆ.

ಮುತ್ತಮ್ಮ: ಬರ್ದೋರಿಗೇ ಗೊತ್ತಿಲ್ದಿದ್ರೆ ನಾನ್ ಯಾರನ್ನ ಕೇಳ್ಲಿ? ಇದ್ಕಾ ನಾನು ಇಷ್ಟ್ ದಿನ ಕಾದಿದ್ದು? ಅಣ್ಣಯ್ಯಾ, ಈ ಸಾಮಿಗೆ ಒಂದ್ ಲೋಟ ಮಜ್ಗೆ ಕೊಟ್ಟು ಕಳ್ಸು.

ರಾಮಕ್ಕ: ಅಜ್ಜೀ, ಮುಂದೇನಾಯ್ತು ಅಂತ ನಾನ್ ಏಳ್ಲಾ?

ಜವರಪ್ಪ: ನಿಂಗ್ಯಾಕ್ ಮಗಾ?

ರಾಮಕ್ಕ: ಕುರಿ ಇಂದೆ ಒಬ್ಳೇ ತಿರುಗ್ತೀನಲ್ಲಪ್ಪ, ತಲೇಲಿ ಇಂಥದೇ ಓಡ್ತಿರ್ತದೆ. ಕೇಳಜ್ಜಿ. ಅವಳು ಬಾವೀಲಿ ಅವಳೆಸ್ರ ಕೂಗುದ್ಲು. ಒಳಗಿಂದ ಏನೂ ಬರ್ಲಿಲ್ಲ. ಏನೂ ಇಲ್ಲ ಬುಡು ಅಂತ ಕೊಡ ತಕ್ಕಂಡು ಮನೆಗ್ ಬಂದ್ಲು. ಬಾಗ್ಲು ಆಕಿತ್ತು. ಅವ್ವಾ, ಬಾಗ್ಲು ತೆಗಿ ಅಂದ್ಲು. ಒಳಗಿಂದ ಅವ್ವ, ಯಾರು ಅಂತ ಕೇಳುದ್ಲು. ನಾನ್ ಕಣವ್ವ, ನಿನ್ ಮಗಳು ಅಂದ್ಲು. ಅವ್ವ ಅಂದ್ಲು, ನನ್ ಮಗಳು ಆಗ್ಲೇ ಬಂದು ಇಲ್ಲಿ ಉಣ್ತಾ ಕುಂತವ್ಳಲ್ಲ, ನೀನ್ಯಾರು?

ಅಣ್ಣಯ್ಯಪ್ಪ ತನ್ನ ಮನೆಯ ಬಾಗಿಲ ಕಡೆ ತಿರುಗಿ ನೋಡಿದ.

ರಾಮಕ್ಕ: ಆಗ ಒಳಗಿಂದ ಇನ್ನೊಂದ್ ದನಿ ಬಂತು. ಅವಳದೇ ದನಿ. ಅವ್ವಾ, ಬಾಗ್ಲು ತೆಗೀಬ್ಯಾಡ ಅಂತು.

ನಡುಮಧ್ಯಾಹ್ನದ ಬಿಸಿಲು ಅಂಗಳದ ತುಂಬ ಇತ್ತು. ಆದರೂ ಜವರಪ್ಪ ಕಂಬಳಿ ಹೊದ್ದುಕೊಂಡ. ಮನೆಯೊಳಗೆ ಏನೋ ಠಣ್ ಎಂದು ಬಿತ್ತು. ವ್ಯಾಸರಾಜ ಒಂದೇ ನೆಗೆತಕ್ಕೆ ಹೆಂಡತಿಯ ಪಕ್ಕಕ್ಕೆ ಬಂದು ಅವಳ ತೋಳು ಹಿಡಿದುಕೊಂಡ.

ರಮಾಮಣಿ: ಬಿಡಿ, ಏನೂ ಇಲ್ಲ. ಆ ಹುಡುಗ ಮಜ್ಜಿಗೆ ಲೋಟ ಬೀಳಿಸಿದಾನೆ.

ಮುತ್ತಮ್ಮ: (ಎದೆ ಹಿಡಿದುಕೊಂಡು) ಅಮ್ಮಾಡಿ! ಇದು ಕತೆ! ಮೈಯೆಲ್ಲ ಮುಳ್ಳಾಯ್ತಲ್ಲೇ!

ವ್ಯಾಸರಾಜ: ರಾಮಕ್ಕ, ಇದನ್ನ ಮುಂದಿನ ಅಚ್ಚಿಗೆ ನನ್ನ ಕತೆಗೆ ಸೇರಿಸಿಕೊಳ್ಳಲಾ?

ರಾಮಕ್ಕ: ನನ್ನೆಸ್ರು ಆಕ್ತೀರಾ?

ವ್ಯಾಸರಾಜ: ಅದು... ಮುನ್ನುಡಿಯಲ್ಲಿ ಒಂದು ಸಾಲು...

ರಮಾಮಣಿ: ಪುಸ್ತಕದ ರಟ್ಟಿನ ಮೇಲೇ ಹಾಕ್ತಾರಮ್ಮ. ಮೇಲೆ ನಿನ್ನ ಹೆಸರು, ಕೆಳಗೆ ಇವರದು. ಹೆದರಿಸಿದೋರು ಮೊದಲು, ಹೆದರಿದೋರು ಆಮೇಲೆ.

ಮುತ್ತಮ್ಮ: ಎಸ್ರು ಯಾರ್ದಾದ್ರೂ ಆಕ್ಕಳಿ. ಆದ್ರೆ ಸಾಮಿ, ಎಂಗೂ ಸುಳ್ಳೇ ತಾನೆ? ಆ ಬಾವಿ ನಂಗವಳ್ಳೀಲಿ ಐತೆ ಅಂತ ಆಕಿ. ಅಣ್ಣಯ್ಯಪ್ಪನ ಬಾವಿ ಅಂತ. ಇಂಥಾ ಕತೆಗೆ ನಮ್ ಬಾವಿಗೇನ್ ಕಮ್ಮಿ?

ಅಣ್ಣಯ್ಯಪ್ಪ: ಅದೂ ಸರಿದಾನ್. ನಮ್ದು ಅವ್ರ ಬಾವಿಗಿಂತ ಆಳ.

ಜವರಪ್ಪ ಕಂಬಳಿ ಕೊಡವಿ ಎದ್ದ. ಬೆಳಿಗ್ಗೆಯಿಂದ ಅಷ್ಟು ಸಿಟ್ಟು ಅವನಿಗೆ ಬಂದಿರಲಿಲ್ಲ.

ಜವರಪ್ಪ: ಏನಂದೆ ಬಾವ? ಸಾಮಿ ಬಂದು ಬಗ್ಗಿದ್ದು ನಮ್ ಬಾವಿಗೆ! ಕೂಗಿದ್ದು ನಮ್ ಕಪ್ಪೆ! ಸುಳ್ಳೋ ನಿಜವೋ, ಅದು ನಮ್ಮೊಲದಲ್ಲಿ ಉಟ್ಟಿದ್ದು. ಬುಟ್ಕೊಡಲ್ಲ!

ಅಣ್ಣಯ್ಯಪ್ಪ: ಇಷ್ಟೊತ್ ತಕ ಬ್ಯಾಡ ಬ್ಯಾಡ ಅಂತ ಅಳ್ತಿದ್ದೆ?

ಜವರಪ್ಪ: ಬ್ಯಾಡ ಅಂದೋನೂ ನಾನೇ, ಬೇಕು ಅನ್ನೋನೂ ನಾನೇ. ಮದ್ಯ ನೀನ್ಯಾವನು? ಸಾಮಿ, ಬರ್ಕಳಿ: ತೊಪ್ಪೂರು, ಜವರಪ್ಪ, ಎರಡು ಉಣಸೆಮರ!

ವ್ಯಾಸರಾಜ: ಸ್ವಲ್ಪ ಸಮಾಧಾನ. ಇಬ್ಬರದೂ ಬೇಡ, ಯಾವುದೋ ಬೇರೆ ಊರು ಅಂತ ಹಾಕಿಬಿಡ್ತೀನಿ.

ಜವರಪ್ಪ, ಅಣ್ಣಯ್ಯಪ್ಪ: (ಒಟ್ಟಿಗೆ) ಬ್ಯಾಡ!

ಅಣ್ಣಯ್ಯಪ್ಪ: ಒಂದ್ ಸುಳ್ಳು ಬಾವೀನ ಬುಟ್ಕೊಡ್ದೋನು ನಾಳೆ ಎಣ್ಣು ಕಳುಸ್ತಾನಾ? ಇಂಥೋನ ಮನೆ ಸಂಬಂದ ನಮಗ್ಯಾಕೆ?

ಅಂದವನೇ ವೀಳ್ಯದ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿಕೊಂಡ. ಬಾಗಿಲ ಮರೆಯಿಂದ ಮೊದಲ ಸಲ ಶಿವಲಿಂಗಂನ ದನಿ ಬಂತು.

ಶಿವಲಿಂಗಂ: ಅಪ್ಪಾ, ತಟ್ಟೆ ಕೆಳಗಿಡು.

ಎಲ್ಲರೂ ಆ ಕಡೆ ತಿರುಗಿದರು. ರಾಮಕ್ಕ ತಲೆ ತಗ್ಗಿಸಿ ನಕ್ಕಳು. ಆಮೇಲೆ ಎದ್ದು ಮಾವನ ಮುಂದೆ ಬಂದು ನಿಂತಳು.

ರಾಮಕ್ಕ: ಇಡಿ ಮಾವ. ಬಾವಿ ನಮ್ಮಪ್ಪಂದು, ಅದು ಅಲ್ಲೇ ಇರ್ಲಿ. ಅದ್ರೊಳಗಿರೋದನ್ನ ಮದುವೆ ಆಗಿ ಬರೋವಾಗ ನಾನ್ ಕರ್ಕಂಡ್ ಬರ್ತೀನಿ.

ಎಲ್ಲರೂ ಗೊಳ್ಳೆಂದು ನಕ್ಕರು. ಅಣ್ಣಯ್ಯಪ್ಪನೂ ನಗುತ್ತ ತಟ್ಟೆ ಕೆಳಗಿಟ್ಟ. ಇಟ್ಟವನು ಸೊಸೆಯಾಗುವವಳ ಮುಖವನ್ನು ಇನ್ನೊಂದು ಸಲ ನೋಡಿದ. ನಗು ನಿಂತಿತು. ಮೆಲ್ಲಗೆ ತಾಯಿಯ ಕಿವಿಯ ಹತ್ತಿರ ಬಗ್ಗಿದ.

ಅಣ್ಣಯ್ಯಪ್ಪ: ಅವ್ವಾ, ಇವಳು ಆಚೆ ನಿಂತಿದ್ದೋಳಾ, ಒಳಗೆ ಉಣ್ತಾ ಕುಂತಿದ್ದೋಳಾ?

ಮುತ್ತಮ್ಮ: ಯಾವಳಾದ್ರೇನ್ಲಾ? ಮಾತಾಡ್ತಾಳಲ್ಲ, ನಂಗಷ್ಟು ಸಾಕು!